ಸಿಬಿಲ್ ವರದಿಯಲ್ಲಿ ತಪ್ಪಿದೆಯೇ? ತಿದ್ದಿಸುವ ದಾರಿ ಇಲ್ಲಿದೆ

ಕಾಡುಗೋಡಿ ಕಡೆ ಫ್ಲ್ಯಾಟ್ ನೋಡಿ, ಬಿಲ್ಡರ್‌ಗೆ ಬುಕಿಂಗ್ ಹಣ ಕಟ್ಟಿ, ಗೃಹಸಾಲಕ್ಕೆ ಅರ್ಜಿ ಹಾಕಿ ಕೂತವರಿಗೆ ಬ್ಯಾಂಕಿನಿಂದ ಫೋನು ಬರುತ್ತದೆ: “ಸರ್, ನಿಮ್ಮ ಸಿಬಿಲ್‌ನಲ್ಲಿ ಒಂದು ಓವರ್‌ಡ್ಯೂ ತೋರಿಸ್ತಾ ಇದೆ.” ಬೊಮ್ಮಸಂದ್ರದ ಗಾರ್ಮೆಂಟ್ಸ್ ಕೆಲಸಗಾರ್ತಿಗೆ ಇದೇ ಮಾತು ಸಂಘದ ಸಾಲ ಕೇಳಲು ಹೋದಾಗ ಎದುರಾಗುತ್ತದೆ. ಪೀಣ್ಯದಲ್ಲಿ ಎರಡು ಲೇತ್ ಇಟ್ಟುಕೊಂಡವರಿಗೆ ಮೂರನೆಯ ಯಂತ್ರಕ್ಕೆ ಸಾಲ ಕೇಳಿದ ದಿನ.

ಆ ಬಾಕಿ ನಿಜವಾಗಿದ್ದರೆ ಕಟ್ಟಬೇಕು, ಬೇರೆ ಮಾತಿಲ್ಲ. ಆದರೆ ತೀರಿಸಿದ ಸಾಲ ತೀರದ ಹಾಗೆ, ಪಡೆಯದ ಸಾಲ ಪಡೆದ ಹಾಗೆ ದಾಖಲಾಗಿರುವುದೂ ಉಂಟು. ಅಂಥ ತಪ್ಪನ್ನು ತಿದ್ದಿಸಲು ಕಾನೂನಿದೆ, ಮೂವತ್ತು ದಿನಗಳ ಗಡುವಿದೆ, ಗಡುವು ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರವೂ ಇದೆ. ಇದಕ್ಕೆ ಏಜೆಂಟರು ಬೇಕಿಲ್ಲ, ಶುಲ್ಕವೂ ಇಲ್ಲ. ಯಾರಿಗೆ ಬರೆಯಬೇಕು, ಏನು ಬರೆಯಬೇಕು ಎಂಬುದು ಗೊತ್ತಿದ್ದರೆ ಸಾಕು.

ವರದಿಗೆ ಮಾಹಿತಿ ಕೊಡುವವರು ಯಾರು?

ಎಲ್ಲರ ಬಾಯಲ್ಲಿ ‘ಸಿಬಿಲ್’ ಎಂದೇ ಓಡಾಡುತ್ತಿದ್ದರೂ ದೇಶದಲ್ಲಿ ಈ ಕೆಲಸ ಮಾಡುವ ಕಂಪನಿಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಸಿಆರ್‌ಐಎಫ್ ಹೈ ಮಾರ್ಕ್. 2000ದಲ್ಲಿ ಸ್ಥಾಪನೆಯಾದ ಸಿಬಿಲ್ ಇವುಗಳಲ್ಲಿ ಮೊದಲನೆಯದು. ನಾಲ್ಕೂ ರಿಸರ್ವ್ ಬ್ಯಾಂಕಿನ ಉಸ್ತುವಾರಿಯಲ್ಲಿ, 2005ರ ಸಾಲ ಮಾಹಿತಿ ಕಂಪನಿಗಳ ನಿಯಂತ್ರಣ ಕಾಯ್ದೆಯಡಿ ಕೆಲಸ ಮಾಡುತ್ತವೆ. ಬ್ಯಾಂಕು, ಫೈನಾನ್ಸ್ ಕಂಪನಿ, ಸಹಕಾರಿ ಬ್ಯಾಂಕುಗಳೆಲ್ಲ ನಾಲ್ಕಕ್ಕೂ ಸದಸ್ಯರಾಗಬೇಕೆಂದು ರಿಸರ್ವ್ ಬ್ಯಾಂಕ್ 2015ರಲ್ಲಿ ಆದೇಶಿಸಿತು. ಆದ್ದರಿಂದ ಒಂದು ಬ್ಯಾಂಕು ಮಾಡಿದ ತಪ್ಪು ನಾಲ್ಕು ಕಡೆಯೂ ಕಾಣಿಸಿಕೊಳ್ಳಬಹುದು.

ಇಲ್ಲಿ ನೆನಪಿಡಬೇಕಾದ ಮುಖ್ಯ ಸಂಗತಿ ಒಂದಿದೆ. ಬ್ಯೂರೋ ಎಂದೂ ಕರೆಯುವ ಈ ಕಂಪನಿ ತಾನಾಗಿ ಏನನ್ನೂ ಬರೆಯುವುದಿಲ್ಲ. ಸಾಲ ಕೊಟ್ಟ ಸಂಸ್ಥೆ ಕಳಿಸಿದ್ದನ್ನು ಜೋಡಿಸಿ, ಅದರ ಮೇಲೆ 300ರಿಂದ 900ರೊಳಗೆ ಒಂದು ಅಂಕ ಕೊಡುತ್ತದೆ. ಬ್ಯಾಂಕು ಒಪ್ಪದೆ ವರದಿಯ ಒಂದು ಅಕ್ಷರವನ್ನೂ ಅದು ಬದಲಿಸದು. ಹಾಗಾಗಿ ದೂರು ಬ್ಯೂರೋಗೂ ಹೋಗಬೇಕು, ಸಾಲ ಕೊಟ್ಟವರಿಗೂ ಹೋಗಬೇಕು. ಬ್ಯೂರೋ ಒಂದಕ್ಕೇ ಬರೆದು ಸುಮ್ಮನಾದರೆ, “ಬ್ಯಾಂಕು ತನ್ನ ಮಾಹಿತಿ ಸರಿ ಎಂದಿದೆ” ಎಂಬ ಒಂದು ಸಾಲಿನ ಉತ್ತರ ಬಂದು ಫೈಲು ಮುಚ್ಚಿಹೋಗುತ್ತದೆ.

ಬ್ಯಾಂಕುಗಳು ಮಾಹಿತಿ ಕಳಿಸುವ ಲಯವೂ ತಿಳಿದಿರಲಿ. ಮೊದಲು ತಿಂಗಳಿಗೊಮ್ಮೆ ಇದ್ದದ್ದನ್ನು 2025ರ ಜನವರಿ 1ರಿಂದ ಹದಿನೈದು ದಿನಕ್ಕೊಮ್ಮೆ ಆಗಬೇಕೆಂದು ರಿಸರ್ವ್ ಬ್ಯಾಂಕ್ ಬದಲಿಸಿತು. ಹದಿನೈದನೆಯ ತಾರೀಖು ಮತ್ತು ತಿಂಗಳ ಕೊನೆಯ ದಿನದ ಲೆಕ್ಕವನ್ನು ಬ್ಯಾಂಕು ಏಳು ದಿನದೊಳಗೆ ಕಳಿಸಬೇಕು, ಬ್ಯೂರೋ ಐದು ದಿನದೊಳಗೆ ಏರಿಸಬೇಕು. ಈ ಲೆಕ್ಕದಲ್ಲಿ ಮೂರನೆಯ ತಾರೀಖು ತೀರಿಸಿದ ಸಾಲ ವರದಿಯಲ್ಲಿ ಮುಚ್ಚಿದಂತೆ ಕಾಣಲು ಇಪ್ಪತ್ತೇಳರವರೆಗೆ ಹಿಡಿಯಬಹುದು. ಅಷ್ಟು ದಿನ ಕಾಯದೆ ದೂರು ಕೊಟ್ಟರೆ ಪ್ರಯೋಜನವಿಲ್ಲ. ಅದು ಕಳೆದ ಮೇಲೂ ಬದಲಾಗದಿದ್ದರೆ ಅದನ್ನು ತಪ್ಪೆಂದೇ ಹಿಡಿಯಿರಿ.

ಉಚಿತ ವರದಿ ನಿಮ್ಮ ಹಕ್ಕು

ಪ್ರತಿ ಬ್ಯೂರೋ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಅಂಕದ ಸಮೇತ ಪುಕ್ಕಟೆಯಾಗಿ ಕೊಡಲೇಬೇಕು. ರಿಸರ್ವ್ ಬ್ಯಾಂಕಿನ 2016ರ ಸೆಪ್ಟೆಂಬರ್ ಆದೇಶದಂತೆ ಈ ನಿಯಮ 2017ರ ಜನವರಿ 1ರಿಂದ ಜಾರಿಯಲ್ಲಿದೆ. ನಾಲ್ಕು ಕಂಪನಿ ಎಂದರೆ ವರ್ಷಕ್ಕೆ ನಾಲ್ಕು ಉಚಿತ ವರದಿ. ಮೂರು ತಿಂಗಳಿಗೊಂದರಂತೆ ಒಂದೊಂದು ಕಂಪನಿಯಿಂದ ತೆಗೆದುಕೊಂಡರೆ ವರ್ಷವಿಡೀ ಕಾಸು ಖರ್ಚಿಲ್ಲದೆ ಕಣ್ಣಿಟ್ಟಂತಾಗುತ್ತದೆ. ಮನೆ ಸಾಲಕ್ಕೆ ತಯಾರಿ ನಡೆಸಿದ್ದರೆ ಮಾತ್ರ ನಾಲ್ಕನ್ನೂ ಒಟ್ಟಿಗೆ ತೆಗೆಯುವುದು ಒಳ್ಳೆಯದು.

ಕಂಪನಿಯ ಸ್ವಂತ ಜಾಲತಾಣಕ್ಕೇ ಹೋಗಿ, ಪ್ಯಾನ್ ಸಂಖ್ಯೆ, ಜನ್ಮದಿನಾಂಕ, ಮೊಬೈಲ್‌ಗೆ ಬರುವ ಒಟಿಪಿ ಕೊಟ್ಟರೆ ವರದಿ ಸಿಗುತ್ತದೆ. ಅಲ್ಲಿ ಎದ್ದು ಕಾಣುವ ಬಟನ್ ಸಾಮಾನ್ಯವಾಗಿ ಚಂದಾ ಯೋಜನೆಯದ್ದು. ಉಚಿತ ವಾರ್ಷಿಕ ವರದಿಯ ಕೊಂಡಿ ಸಣ್ಣ ಅಕ್ಷರದಲ್ಲಿರುತ್ತದೆ, ಹುಡುಕಬೇಕು. “ಎರಡು ನಿಮಿಷದಲ್ಲಿ ಸ್ಕೋರ್” ತೋರಿಸುವ ಆ್ಯಪ್‌ಗಳು ಅಂಕವನ್ನೇನೋ ತೋರಿಸುತ್ತವೆ, ಆದರೆ ಅದರ ಜೊತೆ ಸಾಲ ಮಾರುವ ಕರೆಗಳೂ ಬರುತ್ತವೆ. ನಿಮ್ಮ ವರದಿಯನ್ನು ನೀವೇ ನೋಡಿದರೆ ಅಂಕ ಇಳಿಯುವುದಿಲ್ಲ. ಸಾಲಕ್ಕೆ ಅರ್ಜಿ ಹಾಕಿದಾಗ ಬ್ಯಾಂಕು ನೋಡಿದರೆ ಮಾತ್ರ ಅದು ವಿಚಾರಣೆಯಾಗಿ ದಾಖಲಾಗುತ್ತದೆ.

ಓದುವಾಗ ಎಲ್ಲಿ ಕಣ್ಣಿಡಬೇಕು

ಅಂಕವನ್ನು ಕಡೆಗೆ ನೋಡಿ. ಮೊದಲು ನೋಡಬೇಕಾದ್ದು ಹೆಸರು, ಜನ್ಮದಿನಾಂಕ, ಪ್ಯಾನ್, ವೋಟರ್ ಐಡಿ, ಮೊಬೈಲ್ ಸಂಖ್ಯೆ ಮತ್ತು ವಿಳಾಸ. ನೀವು ಎಂದೂ ವಾಸವಿರದ ವಿಳಾಸ ಅಥವಾ ನಿಮ್ಮದಲ್ಲದ ಫೋನ್ ಸಂಖ್ಯೆ ಅಲ್ಲಿದ್ದರೆ, ಬೇರೊಬ್ಬರ ಸಾಲ ನಿಮ್ಮ ಕಡತಕ್ಕೆ ಸೇರಿಕೊಂಡಿರುವ ಸಾಧ್ಯತೆಯಿದೆ.

ಎರಡನೆಯದು ಖಾತೆಗಳ ಪಟ್ಟಿ. ಪ್ರತಿ ಖಾತೆಗೂ ಸಾಲ ಕೊಟ್ಟವರ ಹೆಸರು, ಸಾಲದ ಬಗೆ, ಆರಂಭದ ಮತ್ತು ಮುಚ್ಚಿದ ದಿನಾಂಕ, ಬಾಕಿ, ಮಾಹಿತಿ ಕಳಿಸಿದ ಕೊನೆಯ ದಿನಾಂಕ ಇರುತ್ತವೆ. ಕೆಳಗೆ ತಿಂಗಳುವಾರು ಚೌಕಗಳಲ್ಲಿ ಮೂರು ವರ್ಷದವರೆಗಿನ ಕಂತಿನ ಚರಿತ್ರೆ ಇರುತ್ತದೆ. 000 ಎಂದಿದ್ದರೆ ವಿಳಂಬವಿಲ್ಲ. 030 ಎಂದರೆ ಕಂತು ಮೂವತ್ತು ದಿನ ತಡ. ಎಕ್ಸ್‌ಎಕ್ಸ್‌ಎಕ್ಸ್ ಎಂದರೆ ಆ ತಿಂಗಳು ಬ್ಯಾಂಕು ಮಾಹಿತಿಯನ್ನೇ ಕಳಿಸಿಲ್ಲ, ಇದಕ್ಕೆ ಗಾಬರಿ ಬೇಡ. ಎಸ್‌ಟಿಡಿ ಎಂದರೆ ಖಾತೆ ಸರಿಯಾಗಿದೆ. ಎಸ್‌ಎಂಎ, ಎಸ್‌ಯುಬಿ, ಡಿಬಿಟಿ, ಎಲ್‌ಎಸ್‌ಎಸ್ ಇವು ಒಂದಕ್ಕಿಂತ ಒಂದು ಕೆಟ್ಟ ಸ್ಥಿತಿಯ ಗುರುತುಗಳು. ‘ಸೆಟಲ್ಡ್’, ‘ರಿಟನ್ ಆಫ್’ ಎಂಬ ಮಾತುಗಳು ಕಂಡರೆ ಅಲ್ಲೇ ನಿಂತು ಎರಡು ಸಲ ಓದಿ.

ಮಾಲೀಕತ್ವದ ಕಾಲಂ ಮರೆಯಬೇಡಿ. ಸಾಲ ನಿಮ್ಮೊಬ್ಬರದೇ, ಜಂಟಿಯೇ, ಅಥವಾ ನೀವು ಜಾಮೀನುದಾರರೇ ಎಂಬುದು ಅಲ್ಲಿದೆ. ಕೊನೆಯಲ್ಲಿ ವಿಚಾರಣೆಗಳ ಪಟ್ಟಿ ಬರುತ್ತದೆ. ನೀವು ಅರ್ಜಿಯನ್ನೇ ಹಾಕದ ಸಂಸ್ಥೆ ಅಲ್ಲಿ ಇಣುಕಿದ್ದರೆ, ನಿಮ್ಮ ದಾಖಲೆ ಬಳಸಿ ಯಾರೋ ಸಾಲಕ್ಕೆ ಯತ್ನಿಸಿರಬಹುದು.

ನಮ್ಮ ಕಡೆ ಎಡವಟ್ಟಾಗುವ ಜಾಗಗಳು

ಮೊದಲನೆಯದು ಹೆಸರು. ನಂಜಪ್ಪನವರ ಮಗ ಮಂಜುನಾಥ ಎಂದಿಟ್ಟುಕೊಳ್ಳಿ. ಆಧಾರ್‌ನಲ್ಲಿ ‘ಮಂಜುನಾಥ ಎನ್’, ಬ್ಯಾಂಕಿನಲ್ಲಿ ‘ಎನ್ ಮಂಜುನಾಥ್’, ವೋಟರ್ ಐಡಿಯಲ್ಲಿ ಬರೀ ‘ಮಂಜುನಾಥ’. ಪ್ಯಾನ್ ಅರ್ಜಿ ಇನಿಶಿಯಲ್ ಒಪ್ಪದ ಕಾರಣ ಅಲ್ಲಿ ‘ಮಂಜುನಾಥ ನಂಜಪ್ಪ’. ಇಂಗ್ಲಿಷಿನಲ್ಲಿ ಒಂದು ಕಡೆ ಕೊನೆಗೆ ಎಚ್ ಇದೆ, ಇನ್ನೊಂದು ಕಡೆ ಇಲ್ಲ. ಬ್ಯೂರೋದ ಕಂಪ್ಯೂಟರು ಹೆಸರು, ಜನ್ಮದಿನ, ಗುರುತಿನ ಸಂಖ್ಯೆ, ವಿಳಾಸಗಳನ್ನು ತಾಳೆ ನೋಡಿ ಖಾತೆಗಳನ್ನು ಒಬ್ಬರ ಕಡತಕ್ಕೆ ಸೇರಿಸುತ್ತದೆ. ಹೀಗಿದ್ದಾಗ ನಿಮ್ಮ ಒಳ್ಳೆಯ ಸಾಲ ಬೇರೆ ಕಡತಕ್ಕೆ ಹೋಗಬಹುದು, ಇನ್ನೊಬ್ಬ ಮಂಜುನಾಥನ ಬಾಕಿ ನಿಮ್ಮ ಕಡತಕ್ಕೆ ಬರಬಹುದು. ಜನವರಿ 1 ಅಥವಾ ಜೂನ್ 1 ಎಂದು ಅಂದಾಜಿನ ಜನ್ಮದಿನ ಬರೆಸಿರುವವರಲ್ಲಿ ಈ ಗೊಂದಲಕ್ಕೆ ಇನ್ನಷ್ಟು ಎಡೆಯಿದೆ.

ಎರಡನೆಯದು ಬಳಸದೇ ಬಿಟ್ಟ ಕ್ರೆಡಿಟ್ ಕಾರ್ಡ್. ಟೆಕ್ ಪಾರ್ಕಿನ ಫುಡ್ ಕೋರ್ಟ್ ಬಳಿ ಮೇಜು ಹಾಕಿಕೊಂಡವರು “ಲೈಫ್‌ಟೈಮ್ ಫ್ರೀ” ಎಂದದ್ದನ್ನು ನಂಬಿ ಸಹಿ ಮಾಡಿರುತ್ತೀರಿ. ಮಾರತ್ತಹಳ್ಳಿಯ ಪಿಜಿಯಿಂದ ಎಲೆಕ್ಟ್ರಾನಿಕ್ ಸಿಟಿಯ ಮನೆಗೆ ಬಂದಿರುತ್ತೀರಿ, ಕಂಪನಿಯ ಇಮೇಲ್ ಹೋಗಿರುತ್ತದೆ, ಫೋನ್ ನಂಬರೂ ಬದಲಾಗಿರುತ್ತದೆ. ವಾರ್ಷಿಕ ಶುಲ್ಕದ ಬಿಲ್ಲು ಹಳೆಯ ವಿಳಾಸಕ್ಕೇ ಹೋಗಿ, ಬಡ್ಡಿ ಸೇರಿ ಬೆಳೆಯುತ್ತದೆ. ಇದರ ಬಗ್ಗೆ ರಿಸರ್ವ್ ಬ್ಯಾಂಕಿನ 2022ರ ಕಾರ್ಡ್ ನಿಯಮಗಳು ಸ್ಪಷ್ಟವಾಗಿವೆ. ಸಕ್ರಿಯಗೊಳಿಸದ ಹೊಸ ಕಾರ್ಡಿನ ಮಾಹಿತಿಯನ್ನು ಬ್ಯೂರೋಗೆ ಕಳಿಸುವಂತಿಲ್ಲ. ಮೂರು ದಿನಕ್ಕಿಂತ ಹೆಚ್ಚು ತಡವಾಗದೆ ಬಾಕಿದಾರ ಎನ್ನುವಂತಿಲ್ಲ. ಸುಸ್ತಿದಾರ ಎಂದು ವರದಿ ಮಾಡುವ ಮುನ್ನ ಏಳು ದಿನಗಳ ನೋಟಿಸ್ ಕೊಡಬೇಕು. ಬಾಕಿ ಇಲ್ಲದ ಕಾರ್ಡನ್ನು ಮುಚ್ಚಿ ಎಂದು ಕೇಳಿದ ಏಳು ಕೆಲಸದ ದಿನಗಳಲ್ಲಿ ಮುಚ್ಚದಿದ್ದರೆ ದಿನಕ್ಕೆ 500 ರೂಪಾಯಿ ದಂಡ ಗ್ರಾಹಕರಿಗೆ ಸಲ್ಲಬೇಕು. ದೂರಿನಲ್ಲಿ ಈ ನಿಯಮಗಳನ್ನು ಹೆಸರಿಸಿದರೆ ಪತ್ರದ ತೂಕವೇ ಬೇರೆ.

ಮೂರನೆಯದು ಆ್ಯಪ್ ಸಾಲ. ಮೊಬೈಲ್ ಕೊಳ್ಳುವಾಗ ಹಾಕಿಸಿಕೊಂಡ ಇಎಂಐ, “ಈಗ ಕೊಳ್ಳಿ, ಆಮೇಲೆ ಕೊಡಿ” ಎಂದು ತೆಗೆದುಕೊಂಡ ಎರಡು ಸಾವಿರ, ಎಲ್ಲವೂ ಸಾಲವೇ. ಆ್ಯಪ್ ಮೂಲಕ ಕೊಟ್ಟ ಸಾಲ ಎಷ್ಟೇ ಚಿಕ್ಕದಾದರೂ ಬ್ಯೂರೋಗೆ ತಿಳಿಸಬೇಕೆಂದು ರಿಸರ್ವ್ ಬ್ಯಾಂಕಿನ ಡಿಜಿಟಲ್ ಸಾಲ ಮಾರ್ಗಸೂಚಿ ಹೇಳುತ್ತದೆ. ವರದಿಯಲ್ಲಿ ಬರುವುದು ಆ್ಯಪ್‌ನ ಹೆಸರಲ್ಲ, ಹಿಂದೆ ನಿಂತು ಹಣ ಕೊಟ್ಟ ಫೈನಾನ್ಸ್ ಕಂಪನಿಯ ಹೆಸರು. ಅಪರಿಚಿತ ಹೆಸರು ಕಂಡೊಡನೆ ಮೋಸ ಎನ್ನುವ ಮೊದಲು, ಸಾಲದ ಮೊತ್ತ ಮತ್ತು ದಿನಾಂಕವನ್ನು ನಿಮ್ಮ ಹಳೆಯ ಖರೀದಿಗಳ ಜೊತೆ ಹೋಲಿಸಿ.

ನಾಲ್ಕನೆಯದು ವಿಲೀನಗೊಂಡ ಬ್ಯಾಂಕುಗಳು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಎಸ್‌ಬಿಐಗೆ ಸೇರಿತು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿಗೆ, ಕಾರ್ಪೊರೇಷನ್ ಬ್ಯಾಂಕ್ ಅದೇ ವರ್ಷ ಯೂನಿಯನ್ ಬ್ಯಾಂಕಿಗೆ ಸೇರಿದವು. ಹಳೆಯ ಸಾಲದ ಖಾತೆ ಸಂಖ್ಯೆ ಬದಲಾಗಿ, ಒಂದೇ ಸಾಲ ಹಳೆಯ ಹೆಸರಿನಲ್ಲೊಮ್ಮೆ ಹೊಸ ಹೆಸರಿನಲ್ಲೊಮ್ಮೆ ಎಂದು ಎರಡು ಸಲ ಕಂಡರೆ ಎಣಿಕೆಗೆ ಸಾಲ ದುಪ್ಪಟ್ಟಾಗುತ್ತದೆ. ಇಂಥದ್ದಕ್ಕೆ ಉತ್ತರ ಕೊಡಬೇಕಾದ್ದು ವಿಲೀನದ ನಂತರದ ಬ್ಯಾಂಕು. ಊರಿನ ಹಳೆಯ ಶಾಖೆಯಲ್ಲಿ ಪಡೆದ ಕ್ಲಿಯರೆನ್ಸ್ ಪತ್ರ ಇದ್ದರೆ ಅದೇ ಆಧಾರ.

ಐದನೆಯದು ಜಾಮೀನು ಮತ್ತು ಗುಂಪು ಸಾಲ. ಪಕ್ಕದ ಶೆಡ್ಡಿನವರ ಯಂತ್ರದ ಸಾಲಕ್ಕೆ ಹಾಕಿದ ಸಹಿ ನಿಮ್ಮ ವರದಿಯಲ್ಲೂ ಇರುತ್ತದೆ. ಅವರು ಕಂತು ತಪ್ಪಿಸಿದರೆ ಅದು ನಿಮಗೂ ತಟ್ಟುತ್ತದೆ. ಇದು ತಪ್ಪು ನಮೂದಲ್ಲ. ಆದರೆ ಸಾಲ ತೀರಿದ ಮೇಲೂ ನಿಮ್ಮ ಹೆಸರು ಉಳಿದಿದ್ದರೆ, ಅಥವಾ ಜಾಮೀನುದಾರರನ್ನು ಮೂಲ ಸಾಲಗಾರ ಎಂದು ಬರೆದಿದ್ದರೆ ತಿದ್ದಿಸಬಹುದು. ಪ್ರೊಪ್ರೈಟರ್ ಆಗಿರುವವರ ಪ್ಯಾನ್ ಒಂದೇ ಆದ್ದರಿಂದ ವ್ಯಾಪಾರದ ಸಾಲವೂ ಮನೆಯ ಸಾಲವೂ ಒಟ್ಟಿಗೆ ಕೂಡುತ್ತವೆ. ಪಾಲುದಾರಿಕೆ ಸಂಸ್ಥೆ ಅಥವಾ ಪ್ರೈವೇಟ್ ಲಿಮಿಟೆಡ್‌ಗೆ ಬೇರೆ ಪ್ಯಾನ್, ಬೇರೆ ವಾಣಿಜ್ಯ ವರದಿ ಇರುವುದರಿಂದ ಎರಡನ್ನೂ ನೋಡಬೇಕು. ಸಂಘದ ಸಾಲದಲ್ಲಿರುವ ಹೆಂಗಸರು ಸಿಆರ್‌ಐಎಫ್ ಹೈ ಮಾರ್ಕ್ ವರದಿಯನ್ನೂ ತೆಗೆದು, ತಮ್ಮ ವೋಟರ್ ಐಡಿ ಮೇಲೆ ಎಷ್ಟು ಸಾಲ ಇವೆ ಎಂದು ಎಣಿಸಿ ನೋಡಲಿ. “ನಿನ್ನ ಕಾರ್ಡ್ ಕೊಡು, ಕಂತು ನಾನು ಕಟ್ಟುತ್ತೀನಿ” ಎಂದವರ ಸಾಲ ಅಲ್ಲಿ ಸಿಗುತ್ತದೆ.

ತಿದ್ದಿಸುವ ಕ್ರಮ

ಮೊದಲು ಪುರಾವೆ ಜೋಡಿಸಿ. ಎನ್‌ಒಸಿ ಅಥವಾ ಬಾಕಿಯಿಲ್ಲ ಪತ್ರ, ಸಾಲದ ಖಾತೆಯ ಸ್ಟೇಟ್‌ಮೆಂಟ್, ಹಣ ಕಟ್ಟಿದ ರಸೀದಿ ಅಥವಾ ಯುಟಿಆರ್ ಸಂಖ್ಯೆ, ಪ್ಯಾನ್ ಪ್ರತಿ. ವರದಿಯ ಆ ಪುಟದಲ್ಲಿ ತಪ್ಪಿರುವ ಸಾಲಿಗೆ ಗುರುತು ಹಾಕಿ.

ನಂತರ ಬ್ಯೂರೋದ ಜಾಲತಾಣದಲ್ಲಿ ಡಿಸ್‌ಪ್ಯೂಟ್ ವಿಭಾಗಕ್ಕೆ ಹೋಗಿ, ತಪ್ಪಾದ ಖಾತೆ ಮತ್ತು ಕಾಲಂ ಆರಿಸಿ ದೂರು ದಾಖಲಿಸಿ. ಸಿಗುವ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಅದೇ ದಿನ ಸಾಲ ಕೊಟ್ಟ ಸಂಸ್ಥೆಯ ಕುಂದುಕೊರತೆ ಅಧಿಕಾರಿಗೆ ಇಮೇಲ್ ಮಾಡಿ. ಶಾಖೆಯಲ್ಲಿ ಬಾಯಿಮಾತಿನಲ್ಲಿ ಹೇಳಿ ಬಂದರೆ ದಿನಾಂಕಕ್ಕೆ ಸಾಕ್ಷಿ ಇರುವುದಿಲ್ಲ. ಕೈಯಲ್ಲಿ ಕೊಡುವುದಾದರೆ ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿ.

ಪತ್ರ ಉದ್ದವಿರಬೇಕಿಲ್ಲ. ಹೀಗಿದ್ದರೆ ಸಾಕು:

“ನನ್ನ ಸಾಲ ಖಾತೆ ಸಂಖ್ಯೆ ಇಂಥದ್ದನ್ನು ಇಂಥ ದಿನ ಪೂರ್ತಿ ತೀರಿಸಿದ್ದೇನೆ. ಬಾಕಿಯಿಲ್ಲ ಪತ್ರ ಲಗತ್ತಿಸಿದೆ. ಆದರೂ ಇಂಥ ದಿನಾಂಕದ ಸಾಲ ವರದಿಯಲ್ಲಿ ಇಷ್ಟು ರೂಪಾಯಿ ಬಾಕಿ ಎಂದು ತೋರಿಸಲಾಗಿದೆ. 2005ರ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಇದನ್ನು ‘ಮುಚ್ಚಲಾಗಿದೆ, ಬಾಕಿ ಸೊನ್ನೆ’ ಎಂದು ತಿದ್ದಿ, ನಾಲ್ಕೂ ಸಾಲ ಮಾಹಿತಿ ಕಂಪನಿಗಳಿಗೆ ಕಳಿಸಿ ನನಗೆ ತಿಳಿಸಬೇಕು. ಗಡುವು ಮೀರಿದರೆ ಸಲ್ಲಬೇಕಾದ ಪರಿಹಾರಕ್ಕಾಗಿ ನನ್ನ ಬ್ಯಾಂಕ್ ಖಾತೆಯ ವಿವರ ಕೆಳಗಿದೆ.”

ಒಂದು ಪತ್ರದಲ್ಲಿ ಒಂದೇ ಖಾತೆಯ ವಿಷಯ ಇರಲಿ. ಕೋಪ, ಕಷ್ಟಸುಖ ಬೇಡ. ದಿನಾಂಕ, ಮೊತ್ತ, ಬೇಡಿಕೆ ಇಷ್ಟೇ.

ಪಡೆಯದೇ ಇರುವ ಸಾಲವಾದರೆ ಇನ್ನೊಂದು ಹೆಜ್ಜೆ ಬೇಕು. ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಅಥವಾ ನಿಮ್ಮ ವಿಭಾಗದ ಸೈಬರ್ ಅಪರಾಧ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು, ಅದರ ಪ್ರತಿಯನ್ನು ಸಾಲ ಕೊಟ್ಟ ಸಂಸ್ಥೆಗೆ ಕಳಿಸಿ, ಸಾಲದ ಅರ್ಜಿ, ಕೆವೈಸಿ ದಾಖಲೆ ಮತ್ತು ಹಣ ಜಮೆಯಾದ ಖಾತೆಯ ವಿವರ ಕೇಳಿ. ಆ ಹಣ ನಿಮ್ಮ ಖಾತೆಗೆ ಬಂದಿಲ್ಲ ಎಂಬುದೇ ನಿಮ್ಮ ಬಲವಾದ ಸಾಕ್ಷಿ. ಖಾತೆಯಿಂದ ಹಣವೇ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಗಡುವು ಮತ್ತು ಪರಿಹಾರ

ರಿಸರ್ವ್ ಬ್ಯಾಂಕ್ 2023ರ ಅಕ್ಟೋಬರ್ 26ರಂದು ಹೊರಡಿಸಿ, ಆರು ತಿಂಗಳ ನಂತರ ಜಾರಿಗೆ ತಂದ ಆದೇಶ ಈ ಇಡೀ ವ್ಯವಹಾರಕ್ಕೆ ಬಿಗಿ ತಂದಿತು. ದೂರು ಕೊಟ್ಟ ದಿನದಿಂದ ಮೂವತ್ತು ದಿನದೊಳಗೆ ಅದು ಇತ್ಯರ್ಥವಾಗಬೇಕು. ಅದರಲ್ಲಿ ಬ್ಯಾಂಕಿನ ಪಾಲು ಇಪ್ಪತ್ತೊಂದು ದಿನ. ಅಷ್ಟರೊಳಗೆ ಅದು ತಿದ್ದಿದ ಮಾಹಿತಿಯನ್ನು ಬ್ಯೂರೋಗೆ ಕಳಿಸಬೇಕು. ಬ್ಯಾಂಕು ತಡಮಾಡಿದರೆ ಬ್ಯಾಂಕು, ಬ್ಯೂರೋ ತಡಮಾಡಿದರೆ ಬ್ಯೂರೋ, ಮೂವತ್ತು ದಿನ ಮೀರಿದ ಪ್ರತಿ ದಿನಕ್ಕೂ 100 ರೂಪಾಯಿ ಕೊಡಬೇಕು. ನಲವತ್ತೈದನೆಯ ದಿನ ಇತ್ಯರ್ಥವಾದರೆ 1,500 ರೂಪಾಯಿ. ಇತ್ಯರ್ಥವಾದ ಐದು ಕೆಲಸದ ದಿನಗಳಲ್ಲಿ ಈ ಹಣ ನಿಮ್ಮ ಖಾತೆಗೆ ಬರಬೇಕು.

ಮೊತ್ತ ದೊಡ್ಡದಲ್ಲ. ಆದರೆ ಪತ್ರಕ್ಕೆ ಉತ್ತರ ಕೊಡದಿದ್ದರೂ ನಡೆಯುತ್ತದೆ ಎಂಬ ಧೋರಣೆಗೆ ಅದು ಬೆಲೆ ಕಟ್ಟುತ್ತದೆ. “ಅಂಕ ಕಡಿಮೆ ಕೊಟ್ಟಿದ್ದಾರೆ” ಎಂಬ ತಕರಾರಿಗೆ ಈ ಪರಿಹಾರವಿಲ್ಲ. ತಪ್ಪು ನಮೂದಿಗೆ ಮಾತ್ರ ಇದೆ. ತಿದ್ದಲು ಒಪ್ಪದಿದ್ದರೆ ಯಾಕೆಂದು ಕಾರಣ ತಿಳಿಸುವುದೂ ಬ್ಯಾಂಕಿನ ಕರ್ತವ್ಯ. ಯಾವುದೇ ಸಂಸ್ಥೆ ನಿಮ್ಮ ವರದಿ ತೆಗೆದಾಗ ಎಸ್‌ಎಂಎಸ್ ಅಥವಾ ಇಮೇಲ್ ಬರಬೇಕೆಂಬುದೂ ಆಗಲೇ ಬಂದ ನಿಯಮ. ಆದ್ದರಿಂದ ಬ್ಯಾಂಕಿನಲ್ಲಿ ಈಗಿನ ಮೊಬೈಲ್ ಸಂಖ್ಯೆಯೇ ಇರುವಂತೆ ನೋಡಿಕೊಳ್ಳಿ.

ಮೂವತ್ತು ದಿನವಾದರೂ ಉತ್ತರವಿಲ್ಲ, ಅಥವಾ ಬಂದ ಉತ್ತರ ಸಮಾಧಾನಕರವಾಗಿಲ್ಲ ಎಂದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ. 2022ರ ಸೆಪ್ಟೆಂಬರ್ 1ರಿಂದ ಬ್ಯೂರೋಗಳೂ ಇವರ ವ್ಯಾಪ್ತಿಯಲ್ಲಿವೆ. ರಿಸರ್ವ್ ಬ್ಯಾಂಕಿನ ಸಿಎಂಎಸ್ ಪೋರ್ಟಲ್‌ನಲ್ಲಿ ದೂರು ಹಾಕಬಹುದು, ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. 14448ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾಹಿತಿ ಸಿಗುತ್ತದೆ. ಮೊದಲು ಸಂಸ್ಥೆಗೆ ಬರೆದ ಪತ್ರ ಮತ್ತು ಅದರ ದಿನಾಂಕ ಇಲ್ಲದೆ ನೇರವಾಗಿ ಇಲ್ಲಿಗೆ ಹೋದರೆ ದೂರು ತಿರಸ್ಕೃತವಾಗುತ್ತದೆ. ಇಮೇಲ್ ಮಾಡಿ ಎಂದದ್ದು ಇದಕ್ಕೇ.

ತಿದ್ದಲಾಗದ್ದು

ನಿಜವಾಗಿ ತಡವಾದ ಕಂತನ್ನು ಯಾರೂ ಅಳಿಸಲಾರರು. “ಹದಿನೈದು ದಿನದಲ್ಲಿ ಸಿಬಿಲ್ ಕ್ಲೀನ್” ಎಂಬ ಬೋರ್ಡುಗಳ ಹಿಂದೆ ಇರುವುದು ನೀವೇ ಪುಕ್ಕಟೆಯಾಗಿ ತುಂಬಬಹುದಾದ ಅದೇ ಡಿಸ್‌ಪ್ಯೂಟ್ ಅರ್ಜಿ. ಅಂಥವರಿಗೆ ನಿಮ್ಮ ಪ್ಯಾನ್ ಮತ್ತು ಒಟಿಪಿಯನ್ನೂ ಕೊಟ್ಟುಬಿಟ್ಟರೆ ಹೊಸ ತೊಂದರೆಗೆ ಬಾಗಿಲು ತೆರೆದಂತೆ. ವಸೂಲಿಯವರ ಮಾತಿಗೆ ಒಪ್ಪಿ ಅರ್ಧ ಹಣಕ್ಕೆ ‘ಸೆಟಲ್’ ಮಾಡಿಕೊಂಡರೆ ವರದಿಯಲ್ಲಿ ಬರುವುದೂ ಅದೇ ಪದ, ‘ಕ್ಲೋಸ್ಡ್’ ಎಂದು ಬರುವುದಿಲ್ಲ. ಉಳಿದ ಹಣ ಕಟ್ಟಿ ಬಾಕಿಯಿಲ್ಲ ಪತ್ರ ಪಡೆದ ಮೇಲೆ ಮಾತ್ರ ಅದನ್ನು ಬದಲಿಸಿ ಎಂದು ಕೇಳಬಹುದು. ಬ್ಯೂರೋಗಳು ಮಾಹಿತಿಯನ್ನು ಕನಿಷ್ಠ ಏಳು ವರ್ಷ ಇಟ್ಟುಕೊಳ್ಳುತ್ತವೆ.

ವರದಿಯನ್ನು ನೋಡಬೇಕಾದ್ದು ಸಾಲ ಬೇಕಾದ ದಿನವಲ್ಲ, ಅದಕ್ಕೆ ಕನಿಷ್ಠ ಮೂರು ತಿಂಗಳು ಮುಂಚೆ. ಬಿಲ್ಡರ್‌ಗೆ ಮುಂಗಡ ಕಟ್ಟಿದ ಮೇಲೆ ಮೂವತ್ತು ದಿನದ ಗಡುವೂ ದೀರ್ಘವೆನಿಸುತ್ತದೆ. ಬ್ಯಾಂಕ್ ನೌಕರಿಯ ನೇಮಕಾತಿಯಲ್ಲೂ ಸಿಬಿಲ್ ಕೇಳುವ ಕಾಲ ಇದು. ಈ ವರ್ಷದ ಉಚಿತ ವರದಿಯನ್ನು ಇನ್ನೂ ತೆಗೆದಿಲ್ಲವಾದರೆ ಈ ವಾರವೇ ತೆಗೆಯಿರಿ, ತಪ್ಪು ಕಂಡರೆ ಬ್ಯೂರೋಗೂ ಬ್ಯಾಂಕಿಗೂ ಒಂದೇ ದಿನ ಬರೆಯಿರಿ, ಆ ದಿನಾಂಕವನ್ನು ಗುರುತು ಹಾಕಿಟ್ಟುಕೊಳ್ಳಿ.